ನಾಲಗೆ ಮಡಿಚುವ ಅಕ್ಷರಗಳು
(ಬಾನುಲಿ ಭಾಷಣ)

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿ, ಬಾಬಾಬುಡನ್‌ಗಿರಿ ಸಾಲಿನ ತಪ್ಪಲಲ್ಲಿ, ಮದಗದ ಕೆರೆಗೆ ಸಮೀಪವಾಗಿ ಎಮ್ಮೆದೊಡ್ಡಿ ಎಂಬ ಊರೊಂದಿದೆ. ದೊಡ್ಡಿ ಎಂದರೆ ದನಕರುಗಳನ್ನು ಕೂಡುವ ಆವರಣ. ಎಮ್ಮೆಗಳ ದೊಡ್ಡಿಯಿದ್ದ ಎಡೆ ಎಮ್ಮೆದೊಡ್ಡಿ. ಅರ್ಥ ಇಷ್ಟು ನಿಚ್ಚಳವಾಗಿರುವ ಹೆಸರನ್ನು ವ್ಯಾಖ್ಯಾನಿಸಬೇಕಾದ ಅಗತ್ಯವಿಲ್ಲ. ಇಂದು ನಾನು ಶ್ರೋತೃಗಳ ಗಮನಕ್ಕೆ ತರಬೇಕೆಂದಿರುವುದು ಆ ಹೆಸರಿನ ಉಚ್ಚಾರಣೆಯನ್ನು. ದೊಡ್ಡಿ ಎಂಬ ಎರಡಕ್ಷರದ ಮಾತನ್ನು ಒಮ್ಮೆ ಮೆಲ್ಲಗೆ ಆಡಿ ನೋಡಿ. ಮೊದಲನೆಯ ದಕಾರಕ್ಕೆ ನಾಲಗೆಯ ತುದಿ ಮೇಲಣ ಹಲ್ಲಿನ ಹಿಂಬದಿಯನ್ನು ಮುಟ್ಟುತ್ತದೆ. ಮರುಕ್ಷಣವೇ ಅದು ಹಿಂದಕ್ಕೆ ಮಡಿಚಿಕೊಂಡು ಬಾಯಿಯ ಮೇಲ್ಛಾವಣಿಗೆ ಏರುತ್ತದೆ, ಡ್ಡಕಾರ ಹುಟ್ಟುತ್ತದೆ. ಎಮ್ಮೆದೊಡ್ಡಿಯ ಮಗು ಮೂರು ವರ್ಷ ತುಂಬುವ ಹೊತ್ತಿಗೆ ಯಾರೂ ಕಲಿಸದೆಯೇ ಈ ಚಮತ್ಕಾರವನ್ನು ಕಲಿತಿರುತ್ತದೆ. ಜಗತ್ತಿನ ಬಹುಪಾಲು ಭಾಷೆಗಳ ಜನ ಮಾತ್ರ ಇದನ್ನು ಕಲಿಯಲು ಹೆಣಗುತ್ತಾರೆ.

ಟ, ಡ, ಣ, ಳ ಎಂಬ ಈ ಬಳಗಕ್ಕೆ ನಮ್ಮ ಪೂರ್ವಿಕರು ಮೂರ್ಧನ್ಯವೆಂದು ಹೆಸರಿಟ್ಟರು. ಮೂರ್ಧವೆಂದರೆ ತಲೆ, ಶಿಖರ. ಇಲ್ಲಿ ಅದು ಬಾಯೊಳಗಿನ ಅಂಗುಳಿನ ನೆತ್ತಿ. ತೈತ್ತಿರೀಯ ಪ್ರಾತಿಶಾಖ್ಯವು ಇನ್ನೂ ಖಚಿತವಾಗಿ, ಟವರ್ಗವನ್ನು ಉಚ್ಚರಿಸುವಾಗ ನಾಲಗೆಯ ತುದಿಯನ್ನು ಹಿಂದಕ್ಕೆ ಸುತ್ತಿ ಮೂರ್ಧಸ್ಥಾನಕ್ಕೆ ಮುಟ್ಟಿಸಬೇಕೆಂದು ವಿಧಿಸುತ್ತದೆ. ತಮಿಳಿನ ತೊಲ್ಕಾಪ್ಪಿಯಂ ಕೂಡ ಈ ಅಕ್ಷರಗಳಿಗೆ ನಾಲಗೆಯ ತುದಿಯನ್ನೂ ಅಂಗುಳನ್ನೂ ಸ್ಥಾನವಾಗಿ ಹೇಳುತ್ತದೆ. ಕನ್ನಡಿಯಾಗಲಿ ಯಂತ್ರವಾಗಲಿ ಇಲ್ಲದ ಕಾಲದಲ್ಲಿ, ತಮ್ಮ ಬಾಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು ಅವರು ಇಷ್ಟನ್ನು ಕಂಡುಕೊಂಡಿದ್ದರು. ಹತ್ತೊಂಬತ್ತನೆಯ ಶತಮಾನದ ಐರೋಪ್ಯ ಪಂಡಿತರು ಮೂರ್ಧ ಎಂಬುದನ್ನು ತಲೆಯೆಂದೇ ತಿಳಿದು, ಈ ಅಕ್ಷರಗಳನ್ನು ಸೆರೆಬ್ರಲ್, ಅಂದರೆ ಮಿದುಳಿಗೆ ಸೇರಿದವು, ಎಂದು ಕರೆದರು. ಮಿದುಳಿಗೂ ಟಕಾರಕ್ಕೂ ಯಾವ ನಂಟೂ ಇಲ್ಲವೆಂಬುದು ಹೇಳಬೇಕಾದ ಮಾತಲ್ಲ. ಅನಂತರದ ಭಾಷಾಶಾಸ್ತ್ರಜ್ಞರು ಹಿಂದಕ್ಕೆ ಬಾಗಿದ್ದು ಎಂಬರ್ಥದ ರೆಟ್ರೋಫ್ಲೆಕ್ಸ್ ಎಂಬ ಹೆಸರನ್ನು ಬಳಕೆಗೆ ತಂದರು. ಅದು ಪ್ರಾತಿಶಾಖ್ಯಕಾರನ ಸುತ್ತಿದ ನಾಲಗೆಯೇ.

ಕನ್ನಡದಲ್ಲಿ ಈ ಅಕ್ಷರಗಳ ಪಾಲೆಷ್ಟು ಎಂಬುದನ್ನು ನೋಡೋಣ. ಎಮ್ಮೆದೊಡ್ಡಿಯಂಥ ಊರಿನ ಒಂದು ದಿನದ ಮಾತನ್ನು ಕಲ್ಪಿಸಿಕೊಳ್ಳಿ. ಬೆಟ್ಟ, ಗುಡ್ಡ, ಕಾಡು, ಹಳ್ಳ, ಕಟ್ಟೆ, ಮಣ್ಣು, ಮಳೆ, ಬೆಳೆ, ಕಾಳು, ಹಿಟ್ಟು. ಕೊಟ್ಟಿಗೆ, ಗೂಟ, ಕೋಣ, ಹಿಂಡು, ಹಟ್ಟಿ. ಕಣ್ಣು, ಹೊಟ್ಟೆ, ತೋಳು, ಬೆರಳು, ಕೊರಳು. ಗಂಡು, ಹೆಣ್ಣು, ಅಣ್ಣ, ಮಗಳು. ನಾಲಗೆ ಮಡಿಚದೆ ಈ ಊರಿನಲ್ಲಿ ಬೇಸಾಯವೂ ಸಾಗದು, ಸಂಸಾರವೂ ಸಾಗದು. ಅತ್ತ ತರೀಕೆರೆಯ ಕಡೆಗೆ ಹೊರಳಿದರೆ ಕೆಮ್ಮಣ್ಣುಗುಂಡಿ ಎಂಬ ಹೆಸರೊಂದರಲ್ಲೇ ಎರಡು ಸಲ ನಾಲಗೆ ಮೇಲೇರುತ್ತದೆ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿಯ ರಾಸುಗಳ ಸಂವರ್ಧನ ಕೇಂದ್ರವಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಈ ಪಶುಶಾಲೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಅಮೃತಮಹಲ್ ಎಂಬುದು ಟೀಪು ಸುಲ್ತಾನನ ಕಾಲದಲ್ಲಿ ಬಂದ ಹೆಸರು. ಬೆಣ್ಣೆ ಚಾವಡಿ ಎನ್ನುವಾಗ ಎರಡು ಬಾರಿ ಮಡಿಚಿದ ನಾಲಗೆ ಅಮೃತಮಹಲ್ ಎನ್ನುವಾಗ ಒಮ್ಮೆಯೂ ಮಡಿಚುವುದಿಲ್ಲ. ಇದನ್ನು ಆಕ್ಷೇಪಣೆಯಾಗಿ ಹೇಳುತ್ತಿಲ್ಲ. ಒಂದೇ ಪದಾರ್ಥದ ಎರಡು ಹೆಸರುಗಳಲ್ಲಿ ಎರಡು ಭಾಷಾಪರಂಪರೆಗಳ ನಾದ ಹೇಗೆ ಬೇರೆಯಾಗಿ ಕೇಳುತ್ತದೆ ಎಂಬುದಕ್ಕೆ ನಿದರ್ಶನವಾಗಿ ಹೇಳಿದೆ.

ಪದಗಳ ಸಂಖ್ಯೆಗಿಂತ ಮುಖ್ಯವಾದುದು, ಈ ಅಕ್ಷರಗಳು ಅರ್ಥವನ್ನು ಹೊರುವ ಬಗೆ. ಕಲ್ಲು ಬೇರೆ, ಕಳ್ಳು ಬೇರೆ. ಹುಲಿ ಬೇರೆ, ಹುಳಿ ಬೇರೆ. ಕೊಲೆ ಮಾಡಿದವನಿಗೂ ಕೊಳೆ ತೊಳೆದವನಿಗೂ ಇರುವ ಅಂತರ ಒಂದು ಲಕಾರದ್ದು. ಅನ್ನ ಕೇಳಿದವನಿಗೆ ಅಣ್ಣನನ್ನು ತೋರಿಸಿದರೆ ಹಸಿವು ಹಿಂಗದು. ಅಜ್ಜಂಪುರದ ಕಡೆಯ ಈರುಳ್ಳಿ ಬೆಳೆಗಾರ ಬೆಳೆಗೆ ಬೆಲೆಯಿಲ್ಲವೆಂದು ಹೇಳುವಾಗ ಅವನ ಇಡೀ ವರ್ಷದ ದುಃಖ ಳಕಾರ ಲಕಾರಗಳ ನಡುವಣ ಆ ಕೂದಲೆಳೆಯ ಭೇದದಲ್ಲಿ ನಿಂತಿರುತ್ತದೆ.

ವ್ಯಾಕರಣಕ್ಕೆ ಬಂದರೆ ಮಾತು ಇನ್ನೂ ಗಹನವಾಗುತ್ತದೆ. ಮಗನನ್ನು ಮಗಳಿಂದ ಬೇರ್ಪಡಿಸುವುದು ಳಕಾರ. ಅವಳು, ಒಬ್ಬಳು, ಬಂದಳು, ಹೋದಳು ಎಂದು ಸ್ತ್ರೀಲಿಂಗವನ್ನು ಸೂಚಿಸುವುದು ಅದೇ ಳಕಾರ. ಮರಗಳು, ಊರುಗಳು, ಮಾತುಗಳು ಎಂದು ಬಹುವಚನವನ್ನು ಮಾಡುವುದೂ ಅದೇ. ಕೊಡು, ಕೊಳ್ಳು, ಇಡು, ಬಿಡು, ಮಾಡು, ಆಡು, ನೋಡು, ಕೇಳು, ಹೇಳು, ಏಳು, ಬೀಳು ಎಂಬ ನಮ್ಮ ನಿತ್ಯದ ಕ್ರಿಯಾಪದಗಳನ್ನು ಎಣಿಸಿ ನೋಡಿ. ಮೂರ್ಧನ್ಯವಿಲ್ಲದ್ದು ಅವುಗಳಲ್ಲಿ ಒಂದೂ ಇಲ್ಲ. ಚಿಕ್ಕಮಗಳೂರು ಎಂಬ ಹೆಸರಿನಿಂದ ಳಕಾರವನ್ನು ಕಿತ್ತರೆ ಊರು ಉಳಿಯಬಹುದು, ಮಗಳು ಉಳಿಯುವುದಿಲ್ಲ.

ಇಷ್ಟು ಪ್ರಬಲವಾದ ಈ ವರ್ಗಕ್ಕೆ ಒಂದು ವಿಚಿತ್ರ ಸಂಕೋಚವಿದೆ. ಅಚ್ಚಕನ್ನಡ ಪದಗಳ ಆದಿಯಲ್ಲಿ ಇವು ನಿಲ್ಲಲು ಹಿಂಜರಿಯುತ್ತವೆ. ಣಕಾರದಿಂದಾಗಲಿ ಳಕಾರದಿಂದಾಗಲಿ ಆರಂಭವಾಗುವ ಒಂದು ಮಾತು ನಮ್ಮಲ್ಲಿ ಸಿಕ್ಕುವುದಿಲ್ಲ. ಟಕಾರ ಡಕಾರಗಳಿಂದ ಮೊದಲಾಗುವ ದೇಶ್ಯಪದಗಳು ಬೆರಳೆಣಿಕೆಯವು. ಅವುಗಳಲ್ಲಿಯೂ ಹಲವು ಸದ್ದನ್ನು ಅನುಕರಿಸುವಂಥವು. ಟಗರು ಎಂಬುದು ಹಳಗನ್ನಡದಲ್ಲಿ ತಗರ್ ಆಗಿತ್ತು. ಮೂಲ ದ್ರಾವಿಡ ಭಾಷೆಯಲ್ಲಿ ಪದಾದಿಯಲ್ಲಿ ಮೂರ್ಧನ್ಯಗಳೇ ಇರಲಿಲ್ಲವೆಂಬುದು ವಿದ್ವಾಂಸರೆಲ್ಲ ಒಪ್ಪಿದ ಸಂಗತಿ.

ಇದಕ್ಕೆ ಕಾರಣ ನಾಲಗೆಯ ಚಲನೆಯಲ್ಲಿಯೇ ಇದೆ. ಕನ್ನಡದ ಟ್ಟ, ಡ್ಡಗಳನ್ನು ಕುರಿತು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯ ವಿದ್ವಾಂಸರೂ ಸೇರಿ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಶ್ರವಣಾತೀತ ಧ್ವನಿಯ ಚಿತ್ರಗಳಿಂದ ಅವರು ನಾಲಗೆಯ ನಡೆಯನ್ನು ಗುರುತಿಸಿದರು. ನಾಲಗೆ ಮೊದಲು ಹಿಂದಕ್ಕೆ ಮಡಿಚಿಕೊಂಡು ಮೇಲೇರುತ್ತದೆ. ಅಂಗುಳನ್ನು ಮುಟ್ಟಿದ ಮೇಲೆ ಸುಮ್ಮನೆ ನಿಲ್ಲದೆ ಮುಂದಕ್ಕೆ ಜಾರುತ್ತದೆ. ಬಿಡುಗಡೆಯ ಹೊತ್ತಿಗೆ ಬಹುಮಟ್ಟಿಗೆ ಮುಂದೆ ಬಂದಿರುತ್ತದೆ. ಆದ್ದರಿಂದ ಮೂರ್ಧನ್ಯದ ಗುರುತು ಅದರ ಮುಂದಿನ ಸ್ವರಕ್ಕಿಂತ ಹಿಂದಿನ ಸ್ವರದಲ್ಲಿ ಹೆಚ್ಚಾಗಿ ಮೂಡುತ್ತದೆ. ಎನ್ನು ಎಂಬಲ್ಲಿಯ ಎಕಾರಕ್ಕೂ ಎಣ್ಣೆ ಎಂಬಲ್ಲಿಯ ಎಕಾರಕ್ಕೂ ಇರುವ ವ್ಯತ್ಯಾಸವನ್ನು ಕಿವಿಗೊಟ್ಟು ಆಲಿಸಿ. ಎರಡನೆಯದರಲ್ಲಿ ಣಕಾರ ಬರುವ ಮೊದಲೇ ಅದರ ನೆರಳು ಸ್ವರದ ಮೇಲೆ ಬಿದ್ದಿರುತ್ತದೆ. ಪದದ ಮೊದಲಲ್ಲಿ ನಿಂತರೆ ಆ ನೆರಳು ಬೀಳಲು ಹಿಂದೆ ಸ್ವರವೇ ಇರದು. ಅಕ್ಷರದ ಗುರುತು ಮಸುಕಾಗುತ್ತದೆ. ಪದದ ನಡುವೆ ನಿಲ್ಲುವುದೇ ಅದಕ್ಕೆ ಕ್ಷೇಮ.

ಈ ನೆರಳೇ ಬಿಂಬವಾದ ಒಂದು ಉದಾಹರಣೆ ನಮ್ಮ ನೆರೆಯಲ್ಲಿದೆ. ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ಅತ್ಯಂತ ಹತ್ತಿರದ್ದು. ಅಮೆರಿಕದ ಭಾಷಾಶಾಸ್ತ್ರಜ್ಞ ಎಮಿನೊ ಅವರು 1939ರಲ್ಲಿ ಬಡಗ ಭಾಷೆಯ ಸ್ವರಗಳನ್ನು ಕುರಿತು ಪ್ರಕಟಿಸಿದ ಪ್ರಬಂಧ ಪಂಡಿತ ಪ್ರಪಂಚವನ್ನು ಬೆರಗುಗೊಳಿಸಿತು. ಅಲ್ಲಿ ವ್ಯಂಜನವಷ್ಟೇ ಅಲ್ಲ, ಸ್ವರವೇ ನಾಲಗೆ ಮಡಿಚಿ ನುಡಿಯುವಂಥದು. ಬೆ ಎಂದು ಸರಳವಾಗಿ ನುಡಿದರೆ ಬಾಯಿ. ನಾಲಗೆಯನ್ನು ತುಸು ಮಡಿಚಿ ನುಡಿದರೆ ಬಳೆ. ಪೂರ್ತಿ ಮಡಿಚಿ ನುಡಿದರೆ ಬೆಳೆ. ಬಳೆ, ಬೆಳೆಗಳಲ್ಲಿದ್ದ ಳಕಾರ ಕರಗಿಹೋಗಿದೆ. ಅದರ ಮಡಿಕೆ ಮಾತ್ರ ಸ್ವರದ ಮೈಯಲ್ಲಿ ಉಳಿದುಕೊಂಡಿದೆ. ಇಂಥ ಮೂರು ಹಂತದ ಭೇದ ಪ್ರಪಂಚದ ಭಾಷೆಗಳಲ್ಲಿ ಅತ್ಯಪೂರ್ವವಾದುದು.

ಅಕ್ಷರವೊಂದು ಕರಗುವ ಮಾತು ಬಂದದ್ದರಿಂದ ಕನ್ನಡವೇ ಕಳೆದುಕೊಂಡ ಒಂದು ಮೂರ್ಧನ್ಯವನ್ನು ಇಲ್ಲಿ ನೆನೆಯಬೇಕು. ಅದು ಹಳಗನ್ನಡದ ೞಕಾರ. ತಮಿಳರೂ ಮಲಯಾಳಿಗಳೂ ಅದನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಅದಕ್ಕೆ ನಾಲಗೆಯನ್ನು ಮಡಿಚಬೇಕು, ಆದರೆ ಅಂಗುಳನ್ನು ಮುಟ್ಟಿಸಬಾರದು; ಗಾಳಿ ನುಸುಳುವಷ್ಟು ಎಡೆ ಬಿಡಬೇಕು. ಕೋಳಿ ಎಂಬ ಒಂದೇ ಹಕ್ಕಿಯನ್ನು ದಕ್ಷಿಣದ ಭಾಷೆಗಳು ಕರೆಯುವ ಬಗೆಯನ್ನು ನೋಡಿ. ತಮಿಳು ಮಲಯಾಳಗಳಲ್ಲಿ ಅದು ಕೋೞಿ, ಕನ್ನಡದಲ್ಲಿ ಕೋಳಿ, ತೆಲುಗಿನಲ್ಲಿ ಕೋಡಿ, ತುಳುವಿನಲ್ಲಿ ಕೋರಿ. ಒಂದು ಅಕ್ಷರ ಮನೆಯಿಂದ ಮನೆಗೆ ಹೋದಾಗ ಒಂದೊಂದು ಕಡೆ ಒಂದೊಂದು ವೇಷ ತೊಟ್ಟಿದೆ.

ಐದನೆಯ ಶತಮಾನದ್ದೆಂದು ಸಾಮಾನ್ಯವಾಗಿ ಒಪ್ಪಲಾಗಿರುವ ಹಲ್ಮಿಡಿ ಶಾಸನ ಬೇಲೂರು ತಾಲ್ಲೂಕಿನಲ್ಲಿ ದೊರೆತದ್ದು, ಡಾ. ಎಂ. ಎಚ್. ಕೃಷ್ಣ ಅವರು 1936ರಲ್ಲಿ ಅದನ್ನು ಬೆಳಕಿಗೆ ತಂದರು. ವೀರನ ಕತ್ತಿಯನ್ನು ತೊಳೆದು ಕೊಟ್ಟ ದತ್ತಿಗೆ ಆ ಶಾಸನದಲ್ಲಿ ಬಾಳ್ಗೞ್ಚು ಎಂಬ ಮಾತಿದೆ. ಕತ್ತಿ ಎಂಬರ್ಥದ ಬಾಳ್‌ನಲ್ಲಿ ಳಕಾರ, ತೊಳೆ ಎಂಬರ್ಥದ ಕೞ್ಚುವಿನಲ್ಲಿ ೞಕಾರ. ಒಂದೇ ಪದದಲ್ಲಿ ಎರಡನ್ನೂ ಬೇರೆಬೇರೆಯಾಗಿ ಕಂಡರಿಸಿದ್ದಾರೆ. ಆ ಕಾಲದ ಕಿವಿಗೆ ಅವೆರಡೂ ಬೇರೆಯಾಗಿಯೇ ಕೇಳುತ್ತಿದ್ದವು. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಬದುಕು. ಕಳೆ ಎಂದರೆ ಹೊಲದ ಕಳೆ, ಕೞೆ ಎಂದರೆ ಹೊತ್ತನ್ನು ಕಳೆಯುವುದು. ಉಳಿ ಎಂದರೆ ಬಡಗಿಯ ಉಪಕರಣ, ಉೞಿ ಎಂದರೆ ಶೇಷವಾಗುವುದು. ಕೆಲವು ಶತಮಾನಗಳು ಕಳೆಯುವಷ್ಟರಲ್ಲಿ ಈ ಭೇದ ಜನರ ಬಾಯಿಂದ ಮಾಯವಾಯಿತು.

ತರೀಕೆರೆಯ ಬಳಿಯ ಅಮೃತಪುರದಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದ, 1196ರ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನದ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಆ ಜನ್ನನ ಸೋದರಳಿಯನೇ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜ. ಅವನ ಕಾಲ ಸುಮಾರು 1260. ಕೇಶಿರಾಜನು ರೞ, ಕುಳ, ಕ್ಷಳವೆಂದು ಮೂರು ಬಗೆಗಳನ್ನು ಹೇಳಿದ್ದಾನೆ. ರೞವೆಂದರೆ ಈ ನಷ್ಟವಾದ ೞಕಾರ. ಕುಳವೆಂದರೆ ಅಚ್ಚಕನ್ನಡದ ಳಕಾರ. ಕ್ಷಳವೆಂದರೆ ಸಂಸ್ಕೃತದ ಲಕಾರ ಕನ್ನಡದ ಬಾಯಲ್ಲಿ ಳಕಾರವಾದದ್ದು, ಜಲವು ಜಳವಾದ ಹಾಗೆ. ಅಷ್ಟಕ್ಕೇ ನಿಲ್ಲದೆ ೞಕಾರವುಳ್ಳ ಪದಗಳನ್ನು ಪಟ್ಟಿ ಮಾಡಿಕೊಟ್ಟಿದ್ದಾನೆ. ಎಲ್ಲರ ಬಾಯಲ್ಲಿ ಸಹಜವಾಗಿರುವುದನ್ನು ಯಾರೂ ಪಟ್ಟಿ ಮಾಡುವುದಿಲ್ಲ. ಕಿವಿ ಕೈಬಿಟ್ಟದ್ದನ್ನು ಕಣ್ಣಿಗಾದರೂ ಒಪ್ಪಿಸೋಣವೆಂದು ಆ ವೈಯಾಕರಣ ಹೊರಟಂತಿದೆ. ಎರಡನೆಯ ಅಕ್ಷರದ ಪ್ರಾಸವನ್ನು ನಿಯಮವಾಗಿ ಪಾಲಿಸುತ್ತಿದ್ದ ಕವಿಗಳಿಗೆ ಈ ವಿವೇಕ ಅನಿವಾರ್ಯವಾಗಿತ್ತು.

ಹೋದ ೞಕಾರ ಗುರುತು ಬಿಡದೆ ಹೋಗಲಿಲ್ಲ. ಬೀಳು ಎಂಬುದರ ಭೂತರೂಪ ಬಿದ್ದ, ಏಳು ಎಂಬುದರದು ಎದ್ದ, ಕೀಳು ಎಂಬುದರದು ಕಿತ್ತ. ಳಕಾರ ಎಲ್ಲಿ ಹೋಯಿತು, ದಕಾರ ತಕಾರಗಳ ಒತ್ತು ಎಲ್ಲಿಂದ ಬಂದಿತು ಎಂದು ಬುದ್ಧಿವಂತ ಮಕ್ಕಳು ಕೇಳುತ್ತಾರೆ. ಬಿೞ್ದು ಎಂಬುದು ಬಿರ್ದು ಆಗಿ, ಬಿರ್ದು ಬಿದ್ದು ಆಯಿತು. ಗೞ್ದೆ ಗರ್ದೆಯಾಗಿ ಗದ್ದೆಯಾಯಿತು. ಸ್ವರಗಳ ನಡುವೆ ಇದ್ದಾಗ ಳಕಾರದೊಡನೆ ಬೆರೆತ ೞಕಾರ, ವ್ಯಂಜನದ ಹಿಂದೆ ಸಿಕ್ಕಿದಾಗ ರೇಫವಾಗಿ, ಮುಂದಿನ ಅಕ್ಷರದಲ್ಲಿ ಲೀನವಾಯಿತು. ನಾವು ಗದ್ದೆಯೆಂದಾಗಲೆಲ್ಲ ಅದು ಅಡಗಿ ಕುಳಿತಿರುತ್ತದೆ.

ಕಿಟ್ಟೆಲ್ 1872ರಲ್ಲಿ ಶಬ್ದಮಣಿದರ್ಪಣವನ್ನು ಮಂಗಳೂರಿನಲ್ಲಿ ಅಚ್ಚು ಮಾಡಿಸಿದ. ಇಂದು ಗಣಕಯಂತ್ರಗಳಿಗೆಲ್ಲ ಸಮಾನವಾದ ಯೂನಿಕೋಡ್ ಎಂಬ ಅಕ್ಷರಸಂಕೇತದಲ್ಲಿಯೂ ೞಕಾರಕ್ಕೆ ಸ್ಥಾನವಿದೆ. ಆದರೆ ಅಲ್ಲಿ ಅದಕ್ಕೆ ಬಿದ್ದಿರುವ ಹೆಸರು ಕನ್ನಡದ ಫ ಅಕ್ಷರ ಎಂದು! ತಪ್ಪೆಂಬುದು ಗೊತ್ತಾದರೂ, ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬ ನಿಯಮವಿರುವುದರಿಂದ, ತಪ್ಪೆಂಬ ಟಿಪ್ಪಣಿಯೊಡನೆ ಆ ಹೆಸರೇ ಮುಂದುವರಿದಿದೆ. ನಾಲಗೆ ಬಿಟ್ಟ ಅಕ್ಷರಕ್ಕೆ ಇಂಥ ಗತಿ ಬರುವುದು ಸಹಜ. ಹೆಸರು ಹಿಡಿದು ಕರೆಯುವವರು ಇಲ್ಲದಾಗ ಯಾರು ಯಾವ ಹೆಸರಿನಿಂದ ಕರೆದರೂ ನಡೆಯುತ್ತದೆ.

ಇನ್ನು ಉತ್ತರದ ಕಡೆಗೆ ನೋಡೋಣ. ಸಂಸ್ಕೃತದಲ್ಲಿ ಟವರ್ಗವಿದೆ, ಆದರೆ ಅದರ ಬಂಧುಗಳಾದ ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಇಲ್ಲ, ಒಡಹುಟ್ಟಿದಂತಿರುವ ಪ್ರಾಚೀನ ಇರಾನಿನ ಅವೆಸ್ತಾದಲ್ಲಿಯೂ ಇಲ್ಲ. ಹಾಗಾದರೆ ಸಂಸ್ಕೃತಕ್ಕೆ ಇದು ಎಲ್ಲಿಂದ ಬಂದಿತು? 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ ದ್ರಾವಿಡದ ಪ್ರಭಾವದಿಂದ ಎಂದು ವಾದಿಸಿದ. ಸಂಸ್ಕೃತದ ಒಳಗಣ ಪರಿವರ್ತನೆಗಳಿಂದಲೇ ಎಂದು ವಾದಿಸಿದವರೂ ಉಂಟು. ಹಕ್ಕಿಯ ಗೂಡೆಂಬರ್ಥದ ನೀಡ ಶಬ್ದವನ್ನು ತೆಗೆದುಕೊಳ್ಳಿ. ಅದರ ಮೂಲರೂಪ ನಿಸ್ದ ಎಂಬಂಥದು. ಇಂಗ್ಲಿಷಿನ ನೆಸ್ಟ್ ಅದರ ದಾಯಾದಿ. ಅಲ್ಲಿಯ ಸಕಾರ ಮೊದಲು ನಾಲಗೆ ಮಡಿಚಿತು, ಪಕ್ಕದ ದಕಾರವನ್ನು ಡಕಾರವಾಗಿಸಿ ತಾನು ಅಳಿಯಿತು. ಹೀಗೆ ಒಳಗಿನ ಕಾರಣಗಳು ಇದ್ದವೆಂಬುದು ನಿಜ. ಆದರೆ ಇಂಥ ಕಾರಣಗಳು ಇತರ ಕಡೆಯೂ ಒದಗಿರಬಹುದಾಗಿದ್ದು, ಭಾರತದ ನೆಲದಲ್ಲಿ ಮಾತ್ರ ಇಷ್ಟು ಹುಲುಸಾಗಿ ಫಲಿಸಿದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ಎಮಿನೊ ಅವರು 1956ರಲ್ಲಿ ಭಾರತವನ್ನೇ ಒಂದು ಭಾಷಾವಲಯವೆಂದು ಕರೆದಾಗ ಅವರು ಎತ್ತಿ ತೋರಿಸಿದ ಲಕ್ಷಣಗಳಲ್ಲಿ ಮೂರ್ಧನ್ಯಗಳಿಗೆ ಮುಖ್ಯ ಸ್ಥಾನವಿತ್ತು. ನಮ್ಮವರೇ ಆದ ಡಿ. ಎನ್. ಶಂಕರ ಭಟ್ಟರು 1973ರ ತಮ್ಮ ಪ್ರಬಂಧದಲ್ಲಿ ಪ್ರಪಂಚದ ಅನೇಕ ಭಾಷೆಗಳನ್ನು ಅವಲೋಕಿಸಿ, ಮೂರ್ಧನ್ಯತೆಯು ಕುಲಕ್ಕಿಂತ ಪ್ರದೇಶಕ್ಕೆ ಅಂಟಿದ ಗುಣವೆಂದು ತೋರಿಸಿದರು. ನೆರೆಹೊರೆಯಿಂದ ನೆರೆಹೊರೆಗೆ ಹಬ್ಬುವ ಗುಣವದು. ಇರಾನೀ ಕುಲದ ಪಶ್ತೋ ಭಾಷೆ ಭಾರತದ ಮಗ್ಗುಲಲ್ಲಿದ್ದು ಟಕಾರವನ್ನು ಪಡೆಯಿತು; ಆರ್ಯಕುಲದ ಅಸ್ಸಾಮಿ ಪೂರ್ವದ ಅಂಚಿನಲ್ಲಿದ್ದು ತಕಾರ ಟಕಾರಗಳ ಭೇದವನ್ನೇ ಬಿಟ್ಟಿತು. ಅರಬ್ಬೀ ಮೂಲದ ಲಿಪಿಯಲ್ಲಿ ಬರೆಯುವ ಉರ್ದು, ಆ ಲಿಪಿಯಲ್ಲಿ ಟ, ಡಗಳಿಗೆ ಅಕ್ಷರವಿಲ್ಲದ ಕಾರಣ, ಇದ್ದ ಅಕ್ಷರಗಳ ಮೇಲೆ ಪುಟ್ಟ ಗುರುತೊಂದನ್ನು ಹತ್ತಿಸಿ ಹೊಸ ಅಕ್ಷರಗಳನ್ನು ಮಾಡಿಕೊಂಡಿತು.

ಹೆಸರು ಒಂದಾದರೂ ಎಲ್ಲ ಭಾಷೆಗಳ ಟಕಾರ ಒಂದೇ ಅಲ್ಲ. ಪೀಟರ್ ಲ್ಯಾಡಿಫೋಗೆಡ್ ಮತ್ತು ಪೇರಿ ಭಾಸ್ಕರ ರಾವ್ ಅವರು 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಷ-ಕಿರಣ ಚಿತ್ರಗಳ ಮೂಲಕ ಹಿಂದಿ, ತೆಲುಗು, ತಮಿಳುಗಳನ್ನು ಹೋಲಿಸಿದ್ದಾರೆ. ಹಿಂದಿಯವರ ಟಕಾರದಲ್ಲಿ ನಾಲಗೆಯ ತುದಿ ಹಲ್ಲಿನ ಒಸಡಿನ ಹಿಂದೆ ಮುಟ್ಟುತ್ತದೆ, ಅಷ್ಟೆ. ತೆಲುಗರ ಮತ್ತು ತಮಿಳರ ಟಕಾರದಲ್ಲಿ ನಾಲಗೆ ಇನ್ನೂ ಹಿಂದಕ್ಕೆ ಸುತ್ತಿ, ಅದರ ಅಡಿಭಾಗವೇ ಗಟ್ಟಿ ಅಂಗುಳಿಗೆ ತಾಗುತ್ತದೆ. ಉತ್ತರದ ಬಂಧುಗಳ ಕಿವಿಗೆ ನಮ್ಮ ಮಾತು ಗಡುಸಾಗಿ ಕೇಳಿಸುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ಮರಾಠಿ, ಕೊಂಕಣಿ, ಗುಜರಾತಿ, ಒಡಿಯಾಗಳಲ್ಲಿ ಳಕಾರವುಂಟು. ಶಿಷ್ಟ ಹಿಂದಿಯಲ್ಲಿ ಇಲ್ಲ. ಋಗ್ವೇದದ ಮೊದಲ ಸೂಕ್ತದಲ್ಲಿಯೇ ಳಕಾರ ಕೇಳಿಸುತ್ತದೆಂಬುದನ್ನು ನೆನೆದರೆ, ಅದನ್ನು ಒರಟು ಅಕ್ಷರವೆನ್ನುವವರು ಎರಡು ಬಾರಿ ಯೋಚಿಸಿಯಾರು.

ದೂರದ ದೇಶಗಳಲ್ಲಿಯೂ ನಾಲಗೆ ಮಡಿಚುವವರಿದ್ದಾರೆ. ಸ್ವೀಡನ್, ನಾರ್ವೆಗಳ ಬಹುಭಾಗದಲ್ಲಿ ರೇಫದ ಮುಂದೆ ತ, ದ, ನ ಬಂದರೆ ಎರಡೂ ಬೆರೆತು ಟ, ಡ, ಣಗಳಂತೆ ಕೇಳುತ್ತವೆ. ನಮ್ಮ ಪ್ರಾಕೃತಗಳಲ್ಲಿ ಭರ್ತೃ ಎಂಬುದು ಭಟ್ಟ ಆದದ್ದೂ ಇದೇ ಹಾದಿಯಲ್ಲಿ. ಬೀಜಿಂಗಿನ ಚೀನೀ ಮಾತಿನಲ್ಲಿ ಚಕಾರ ಶಕಾರಗಳ ಒಂದು ವರ್ಗವನ್ನು ನಾಲಗೆಯನ್ನು ಹಿಂದಕ್ಕೆಳೆದು ನುಡಿಯುತ್ತಾರೆ. ಆಸ್ಟ್ರೇಲಿಯದ ಮೂಲನಿವಾಸಿಗಳ ಅನೇಕ ಭಾಷೆಗಳಲ್ಲಿ ಮೂರ್ಧನ್ಯಗಳು ಸಮೃದ್ಧವಾಗಿವೆ.

ಇಂಗ್ಲಿಷಿನ ಸ್ಥಿತಿ ನಮಗೆ ಹೆಚ್ಚು ಸಂಬಂಧಪಟ್ಟದ್ದು. ಇಂಗ್ಲಿಷರ ಟಿ, ಡಿಗಳು ನಮ್ಮ ತಕಾರವೂ ಅಲ್ಲ, ಟಕಾರವೂ ಅಲ್ಲ. ಅವರ ನಾಲಗೆ ಹಲ್ಲಿಗೂ ಅಂಗುಳಿಗೂ ನಡುವೆ, ಒಸಡಿನ ದಿಣ್ಣೆಗೆ ತಾಗುತ್ತದೆ. ಆ ನಡುಜಾಗಕ್ಕೆ ಇಂದಿನ ಕನ್ನಡದಲ್ಲಿ ಅಂಥ ಸ್ಪರ್ಶಾಕ್ಷರವಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಟವರ್ಗಕ್ಕೆ ಸೇರಿಸಿಕೊಂಡಿತು. ಡಾಕ್ಟರು, ಟಿಕೆಟ್ಟು, ಡ್ರೈವರು, ಲಾಟೀನು ಬಂದದ್ದು ಹೀಗೆ. ಪೋರ್ಚುಗೀಸರ ತ, ದಗಳು ಹಲ್ಲಿಗೆ ತಾಗುವಂಥವು. ಆದ್ದರಿಂದಲೇ ಅವರಿಂದ ಬಂದ ಪಾದ್ರಿ, ಬಾಲ್ದಿಗಳಲ್ಲಿ ದಕಾರವಿದೆ. ಪಾರಸಿ ಅರಬ್ಬಿಗಳಿಂದ ಬಂದ ತಾರೀಖು, ದಫ್ತರ, ದರ್ಬಾರು, ತಹಶೀಲ್ದಾರಗಳಲ್ಲಿಯೂ ಹಾಗೆಯೇ. ಅಕ್ಷರ ಬಾರದ ರೈತನೂ ಪಾದ್ರಿಯನ್ನು ಪಾಡ್ರಿಯೆನ್ನಲಿಲ್ಲ, ಡಾಕ್ಟರನ್ನು ದಾಕ್ತರನೆನ್ನಲಿಲ್ಲ. ಬಂದವರು ಯಾವ ದೇಶದವರೆಂದು ಅವನ ಕಿವಿ ತೂಗಿ ನೋಡಿ, ತಕ್ಕ ಅಕ್ಷರವನ್ನೇ ಕೊಟ್ಟಿದೆ.

ಈ ಸೂಕ್ಷ್ಮವನ್ನು ಅರಿಯದೆ ನಾವು ನಮ್ಮ ಮಕ್ಕಳನ್ನು ನೋಯಿಸುತ್ತೇವೆ. ಹಳ್ಳಿಯಿಂದ ಕಾಲೇಜಿಗೆ ಬಂದ ಹುಡುಗ ಹುಡುಗಿಯರು ಇಂಗ್ಲಿಷಿನ ತರಗತಿಯಲ್ಲಿ ಬಾಯಿ ತೆರೆಯಲು ಅಂಜುವುದನ್ನು ಅಧ್ಯಾಪಕ ವೃತ್ತಿಯುದ್ದಕ್ಕೂ ಕಂಡಿದ್ದೇನೆ. ಅವರ ಟಕಾರ ಗಟ್ಟಿಯಾಯಿತೆಂದು ಸಹಪಾಠಿಗಳು ನಗುತ್ತಾರೆ. ಒಮ್ಮೊಮ್ಮೆ ಪಾಠ ಹೇಳುವವರೂ ನಗುತ್ತಾರೆ. ಹಾಗೆ ನಕ್ಕದ್ದನ್ನು ಕೇಳಿದ ಮಗು ಮುಂದಿನ ಬೆಂಚಿಗೆ ಬರುವುದಿಲ್ಲ. ನಗುವವರಿಗೆ ಒಂದು ಮಾತು ತಿಳಿದಿರಬೇಕು. ತ, ಟಗಳನ್ನು ಬೇರೆಬೇರೆಯಾಗಿ ಕೇಳಿ, ಬೇರೆಬೇರೆಯಾಗಿ ನುಡಿಯಬಲ್ಲ ನಾಲಗೆ ಒಂದು ಅಕ್ಷರಸ್ಥಾನವನ್ನು ಹೆಚ್ಚಾಗಿ ಬಲ್ಲದು. ಬಲ್ಲವರಿಗೆ ಮೂರನೆಯ ಸ್ಥಾನವನ್ನು ಕಲಿಸುವುದು ಸುಲಭ. ನಾಲಗೆಯನ್ನು ಒಂದು ಕಾಳಿನಷ್ಟು ಮುಂದೆ ತರಲು ಹೇಳಿದರೆ ಸಾಕು. ನಾಚಿಕೆ ಹುಟ್ಟಿಸಿದ ಮೇಲೆ ಯಾವುದನ್ನೂ ಕಲಿಸಲಾಗದು.

ಹಳ್ಳಿಯ ಕನ್ನಡವನ್ನು ಹೀಗಳೆಯುವವರ ವಿಷಯವೂ ಇಂಥದೇ. ಠ, ಢ, ಖ, ಘ ಮೊದಲಾದ ಮಹಾಪ್ರಾಣಗಳು ಹಳ್ಳಿಗರ ಬಾಯಲ್ಲಿ ಅಲ್ಪಪ್ರಾಣವಾಗುತ್ತವೆ. ಅಚ್ಚಕನ್ನಡದ ಜಾಯಮಾನದಲ್ಲಿ ಮಹಾಪ್ರಾಣಕ್ಕೆ ನೆಲೆಯಿಲ್ಲದಿರುವುದೇ ಅದಕ್ಕೆ ಕಾರಣ. ಇದನ್ನು ದೋಷವೆಂದು ತಿದ್ದುವ ಪಟ್ಟಣದ ವಿದ್ಯಾವಂತರ ಮನೆಗಳಲ್ಲಿಯೇ ಇಂದು ಬಾಳೆಹಣ್ಣು ಬಾಲೆಹನ್ನು ಆಗುತ್ತಿರುವುದನ್ನು ನಾನು ಕೇಳುತ್ತಿದ್ದೇನೆ. ಎರವಲು ತಂದ ಒಡವೆ ಹಳ್ಳಿಯವನ ಕೈಯಲ್ಲಿ ಸವೆಯಿತೆಂದು ಆಕ್ಷೇಪಿಸುತ್ತ, ಮನೆಯ ಮೂಲಧನವನ್ನೇ ನಾವು ಕಳೆಯುತ್ತಿದ್ದೇವೆಯೆ ಎಂದು ವಿಚಾರಿಸಬೇಕಾಗಿದೆ.

ಇದಕ್ಕೆ ಒಂದು ಮುಖ್ಯ ಕಾರಣ ರೋಮನ್ ಲಿಪಿ. ಎಮ್ಮೆದೊಡ್ಡಿ ಎಂದು ಆ ಲಿಪಿಯಲ್ಲಿ ಬರೆದರೆ ದಕಾರಕ್ಕೂ ಡ್ಡಕಾರಕ್ಕೂ ಡಿ ಎಂಬ ಒಂದೇ ಅಕ್ಷರ. ಕಡೂರನ್ನು ಕದೂರೆಂದು ಓದಿದರೆ ಓದಿದವನ ತಪ್ಪಲ್ಲ. 2014ರ ನವೆಂಬರ್ 1ರಂದು ಚಿಕ್ಕಮಗಳೂರು, ಬೆಂಗಳೂರು, ಮಂಗಳೂರು ಮೊದಲಾದ ಹನ್ನೆರಡು ಊರುಗಳ ಹೆಸರನ್ನು ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಇಂಗ್ಲಿಷಿನಲ್ಲಿಯೂ ತಿದ್ದಿದ್ದಾಯಿತು. ಅದು ಸಂತೋಷದ ಸಂಗತಿ. ಆದರೆ ತಿದ್ದಿದ ಮೇಲೆಯೂ ಳಕಾರಕ್ಕೆ ಅಲ್ಲಿರುವುದು ಲಕಾರದ ಗುರುತೇ. ಬೋರ್ಡಿನ ಮೇಲೆ ಬರೆದದ್ದಷ್ಟೇ ಆದರೆ ಹೆಚ್ಚಿನ ಚಿಂತೆಯಿಲ್ಲ. ಮನೆಯವರಿಗೆ ಬರೆಯುವ ನಾಲ್ಕು ಸಾಲಿನ ಸಂದೇಶವನ್ನೂ ಮಕ್ಕಳು ಕೈಫೋನಿನಲ್ಲಿ ರೋಮನ್ ಅಕ್ಷರಗಳಲ್ಲಿ ಬರೆಯುತ್ತಾರೆ. ಪರದೇಶದಲ್ಲಿ ಬೆಳೆಯುವ ಮೊಮ್ಮಕ್ಕಳು ಹಾಡನ್ನೂ ಶ್ಲೋಕವನ್ನೂ ಆ ಲಿಪಿಯಲ್ಲಿಯೇ ನೋಡಿ ಕಲಿಯುತ್ತಾರೆ. ಕಿವಿಯಿಂದ ಕಲಿತವನಿಗೆ ಲಿಪಿಯ ಕೊರತೆ ಬಾಧಿಸದು. ಕಣ್ಣಿನಿಂದ ಮಾತ್ರ ಕಲಿತವನಿಗೆ ಅಣ್ಣನೂ ಅನ್ನವೂ ಒಂದೇ.

ೞಕಾರ ಹೋದರೂ ಕನ್ನಡ ಬಾಳಿತಲ್ಲವೆ, ಳಕಾರ ಹೋದರೆ ಏನು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಭಾಷೆ ನದಿಯ ಹಾಗೆ ದಡ ಬದಲಿಸುತ್ತಲೇ ಇರುತ್ತದೆ. ವೈಯಾಕರಣನ ಪಟ್ಟಿ ಅದನ್ನು ತಡೆಯಲಾರದು, ಕೇಶಿರಾಜನಿಗೂ ಆಗಲಿಲ್ಲ. ಆದರೆ ಎರಡು ಭೇದಗಳನ್ನು ಮರೆಯಬಾರದು. ೞಕಾರ ಹೋದದ್ದು ಕನ್ನಡವನ್ನೇ ಹಗಲಿರುಳೂ ಆಡುತ್ತಿದ್ದವರ ಬಾಯಲ್ಲಿ, ಹಲವು ತಲೆಮಾರುಗಳ ಅವಧಿಯಲ್ಲಿ, ತಾನಾಗಿಯೇ ಸವೆದು. ಇಂದಿನ ಳಕಾರ ಹೋಗುವುದಾದರೆ ಅದು ಕನ್ನಡವನ್ನು ಆಡುವುದು ಕಡಿಮೆಯಾದ ಬಾಯಲ್ಲಿ. ಅದು ಸವೆತವಲ್ಲ, ಮರೆವು. ಎರಡನೆಯದಾಗಿ, ೞಕಾರ ಹೋದಾಗ ಅದರ ಹೊರೆಯನ್ನು ಹೊರಲು ಪಕ್ಕದಲ್ಲಿ ಳಕಾರವಿತ್ತು. ಳಕಾರ ಹೋದರೆ ಮಗಳು, ಅವಳು, ಮರಗಳು, ಬೆಳೆಗಳು ಎಂಬ ಅಷ್ಟು ಹೊರೆಯೂ ಲಕಾರದ ಮೇಲೆ ಬೀಳುತ್ತದೆ. ಬೆಳೆಗೆ ಬೆಲೆಯಿಲ್ಲವೆಂಬ ಮಾತನ್ನು ಆ ಕನ್ನಡದಲ್ಲಿ ಹೇಗೆ ಹೇಳುವುದೆಂದು ನನಗೆ ತೋರದು.

ಪರಿಹಾರ ದುಬಾರಿಯದಲ್ಲ. ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶನ ಊರು. ಅವನ ಜೈಮಿನಿ ಭಾರತವನ್ನು ನಾಡಿನ ಹಳ್ಳಿಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಗಟ್ಟಿಯಾಗಿ ಓದಿದರು, ಓದು ಬಾರದವರು ಕುಳಿತು ಕೇಳಿದರು. ಆ ಕೇಳ್ಮೆಯೇ ಅವರ ಪಾಠಶಾಲೆಯಾಗಿತ್ತು. ಇಂದು ಮನೆಯಲ್ಲಿ ದಿನಕ್ಕೆ ಒಂದು ಪುಟ ಕನ್ನಡವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿ. ನೀವೂ ಓದಿ, ಅವರು ಕೇಳಲಿ. ತಪ್ಪಿದಾಗ ನಗಬೇಡಿ, ಇನ್ನೊಮ್ಮೆ ನೀವೇ ಸರಿಯಾಗಿ ಹೇಳಿ. ಶಾಲೆಯಲ್ಲಿ ಮಕ್ಕಳಿಂದ ಬರೆಯಿಸುವಷ್ಟೇ ಮಾತನಾಡಿಸಿ. ರಜೆಗೆ ಬಂದ ಮೊಮ್ಮಕ್ಕಳನ್ನು ನಾಲ್ಕು ದಿನ ಹಳ್ಳಿಯ ಮಕ್ಕಳೊಡನೆ ಆಡಲು ಬಿಡಿ. ದನವನ್ನು ದೊಡ್ಡಿಗೆ ಹೊಡೆಯುವ ಹುಡುಗನಿಗಿಂತ ಒಳ್ಳೆಯ ಡಕಾರದ ಗುರು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಸಿಕ್ಕುವುದಿಲ್ಲ.